ಇನ್ವರ್ಟರಿನ ಪಾಠ ಕಾರಿಗೆ ಆಗ್ಲಿಕ್ಕಿಲ್ಲ: ಮನೆ ಚಾರ್ಜಿಂಗ್ ಮತ್ತು ಬ್ಯಾಟರಿ ಆರೋಗ್ಯ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಎಲೆಕ್ಟ್ರಿಕ್ ಕಾರು ಈಗ ತಿರುಗಿ ತಿರುಗಿ ನೋಡುವ ವಸ್ತುವಾಗಿ ಉಳಿದಿಲ್ಲ. ಹೆದ್ದಾರಿ 66ರಲ್ಲಿ ಹಸಿರು ನಂಬರ್ ಪ್ಲೇಟ್ ಆಗಾಗ ಕಾಣ್ತದೆ. ಕಾರು ಮನೆಗೆ ಬಂದ ಮೊದಲ ವಾರ ನೆಂಟರು, ನೆರೆಯವರು ಎಲ್ಲರೂ ಕೇಳೋದು ಒಂದೇ, ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗ್ತದೆ ಅಂತ. ಎರಡನೇ ವಾರದಿಂದ ಬ್ಯಾಟರಿ ಬಗ್ಗೆ ಉಪದೇಶ ಶುರು. ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಉಪದೇಶಗಳು ಮೂರು:

"ಹ್ವಾಯ್, ಯಾವಾಗ್ಲೂ ಫುಲ್ ಮಾಡಿ ಇಡಿ, ನಾಳಿಗೆ ಕರೆಂಟ್ ಇರತ್ತೋ ಇಲ್ಯೋ."

"ಪೂರ್ತಿ ಖಾಲಿ ಆದ್ಮೇಲೆ ಚಾರ್ಜಿಗೆ ಹಾಕಿ, ಇಲ್ದಿರೆ ಬ್ಯಾಟ್ರಿ ಹಾಳಾತ್ತ್."

"ದಿನಾ ದಿನಾ ಚಾರ್ಜಿಗೆ ಹಾಕ್ಬೇಡಿ, ಅದ್ರ ಆಯಸ್ಸು ಮುಗಿತ್ತ್."

ಎಲೆಕ್ಟ್ರಿಕ್ ಕಾರಿನ ಮಟ್ಟಿಗೆ ಈ ಮೂರೂ ಸರಿಯಲ್ಲ. ಆದರೆ ಹೇಳುವವರು ದಡ್ಡರೇನೂ ಅಲ್ಲ. ಪ್ರತಿಯೊಂದು ಮಾತೂ ಒಂದೊಂದು ಹಳೇ ಬ್ಯಾಟರಿಯಿಂದ ಕಲಿತ ಪಾಠ, ಆ ಬ್ಯಾಟರಿಗೆ ಅದು ನೂರಕ್ಕೆ ನೂರು ಸತ್ಯವಾಗಿತ್ತು. ಬ್ಯಾಟರಿಯ ಒಳಗಿನ ಕೆಮಿಸ್ಟ್ರಿ ಬದಲಾಯ್ತು, ಮನೆಯ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಇಡೀ ಕಾರಿನಲ್ಲಿ ಅತಿ ದುಬಾರಿ ಭಾಗ ಬ್ಯಾಟರಿಯೇ ಆದ್ದರಿಂದ ಈ ವಿಷಯ ಸ್ವಲ್ಪ ಬಿಡಿಸಿ ನೋಡೋದು ಒಳ್ಳೇದು.

ಮೂರು ಬ್ಯಾಟರಿ, ಮೂರು ಪಾಠ

ಮೊದಲನೆಯದು ಲೆಡ್-ಆಸಿಡ್. ಮಳೆಗಾಲದಲ್ಲಿ ಒಂದು ಗಾಳಿ ಬೀಸಿದ್ರೆ ತೆಂಗಿನ ಮಡಲು ಲೈನಿಗೆ ಬಿದ್ದು ಕರೆಂಟ್ ಹೋಗುವ ಊರು ನಮ್ಮದು. ಹಾಗಾಗಿ ಮನೆ ಮನೆಯಲ್ಲೂ ಇನ್ವರ್ಟರ್ ಉಂಟು. ಅದರ ಬ್ಯಾಟರಿ ಖಾಲಿಯಾಗಿಯೇ ಕೂತ್ರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ ಕೂರ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಅದು ಕರಗೋದಿಲ್ಲ, ಕೆಪ್ಯಾಸಿಟಿ ಹೋದ ಹಾಗೇ. ಆದ್ದರಿಂದ ಲೆಡ್-ಆಸಿಡ್ ಬ್ಯಾಟರಿಯನ್ನು ಯಾವಾಗಲೂ ಫುಲ್ ಇಡಬೇಕು. ಮೊದಲ ಉಪದೇಶ ಹುಟ್ಟಿದ್ದು ಇಲ್ಲಿ.

ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರಿನ ಕಥೆ ಶುರುವಾದದ್ದೂ ಇದೇ ಬ್ಯಾಟರಿಯಿಂದ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ರೇವಾ ಕಾರನ್ನು ನೆನಪು ಮಾಡಿಕೊಳ್ಳಿ. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಅನ್ನುವ ಹೆಸರಲ್ಲಿ ಓಡಿತು. ಮನೆಯ 15 ಆಂಪ್ ಸಾಕೆಟ್ಟಿನಲ್ಲೇ ಚಾರ್ಜ್ ಆಗುತ್ತಿದ್ದ ಆ ಪುಟ್ಟ ಕಾರಿನ ಸೀಟಿನ ಕೆಳಗೆ ಇದ್ದದ್ದು ಲೆಡ್-ಆಸಿಡ್ ಬ್ಯಾಟರಿಗಳ ಸಾಲು. 2009ರಲ್ಲಿ ಲಿಥಿಯಂ-ಅಯಾನ್ ರೇವಾ ಬಂತು, 2010ರಲ್ಲಿ ಕಂಪನಿ ಮಹೀಂದ್ರದ ಕೈಗೆ ಹೋಯ್ತು, 2013ರಲ್ಲಿ ಬಂದ ಇ2ಒ ಲಿಥಿಯಂನಲ್ಲೇ ಓಡಿತು. ಅಂದ್ರೆ ಒಂದೇ ಕಂಪನಿಯ ಕಾರುಗಳಲ್ಲಿ ಕೆಲವೇ ವರ್ಷದಲ್ಲಿ ಬ್ಯಾಟರಿ ನೋಡಿಕೊಳ್ಳುವ ನಿಯಮ ತಲೆಕೆಳಗಾಯ್ತು.

ಎರಡನೆಯದು ನಿಕಲ್-ಕ್ಯಾಡ್ಮಿಯಂ. ಹಳೇ ಕಾರ್ಡ್‌ಲೆಸ್ ಫೋನು, ಎಮರ್ಜೆನ್ಸಿ ಲೈಟು, ಮೊದಮೊದಲ ಮೊಬೈಲುಗಳಲ್ಲಿ ಇದ್ದದ್ದು. ಅರ್ಧ ಖಾಲಿ ಆದಾಗಲೇ ಪದೇ ಪದೇ ಚಾರ್ಜ್ ಮಾಡಿದ್ರೆ ಅದಕ್ಕೆ "ಅಷ್ಟೇ ಸಾಕು" ಅಂತ ಅಭ್ಯಾಸ ಆಗಿಬಿಡುತ್ತದೆ, ಇದನ್ನು ಮೆಮೊರಿ ಎಫೆಕ್ಟ್ ಅಂತಾರೆ. ಅದಕ್ಕೇ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ ಅಂತ ಹೇಳ್ತಿದ್ರು. ಎರಡನೇ ಉಪದೇಶದ ಮೂಲ ಇದು.

ಮೂರನೆಯದು ಲಿಥಿಯಂ-ಅಯಾನ್. ನಮ್ಮ ಫೋನು, ಲ್ಯಾಪ್‌ಟಾಪು, ಸ್ಕೂಟರು, ಕಾರು ಎಲ್ಲದರಲ್ಲೂ ಈಗ ಇದೇ. ಇದಕ್ಕೆ ಮೆಮೊರಿ ಎಫೆಕ್ಟಿನ ತಾಪತ್ರಯ ಇಲ್ಲ ಅಂದ್ರೂ ಆಗ್ತದೆ. ಇದಕ್ಕೆ ಆಗದೇ ಇರೋದು ಎರಡು: ತುಂಬಿ ತುಳುಕುವ ಹಾಗೆ ಫುಲ್ ಆಗಿ ಬಹಳ ಹೊತ್ತು ಕೂರೋದು, ಮತ್ತು ಬಿಸಿ. ಎರಡೂ ಒಟ್ಟಿಗೆ ಸೇರಿದ್ರೆ ಇನ್ನೂ ಕಷ್ಟ.

ಒಳಗೆ ಎಂತ ಆಗ್ತದೆ?

ಲಿಥಿಯಂ ಸೆಲ್ಲಿನಲ್ಲಿ ಒಂದು ಬದಿ ಗ್ರಾಫೈಟ್, ಇನ್ನೊಂದು ಬದಿ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್, ಮಧ್ಯೆ ಎಲೆಕ್ಟ್ರೊಲೈಟ್ ದ್ರವ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರ್ತವೆ, ಕಾರು ಓಡುವಾಗ ವಾಪಸ್ ಬರ್ತವೆ. ಅತ್ತಿಂದಿತ್ತ ಹೋಗಿಬರುವ ಲಿಥಿಯಂ ಎಷ್ಟಿದೆಯೋ ಬ್ಯಾಟರಿಯ ಕೆಪ್ಯಾಸಿಟಿ ಅಷ್ಟು.

ಗ್ರಾಫೈಟಿಗೂ ಎಲೆಕ್ಟ್ರೊಲೈಟಿಗೂ ಸರಿ ಬರೋದಿಲ್ಲ. ಎರಡೂ ಮುಟ್ಟುವ ಕಡೆ ಕ್ರಿಯೆ ನಡೆದು ಒಂದು ತೆಳು ಪೊರೆ ಕಟ್ಟುತ್ತದೆ. ಟೆಕ್ಸ್ಟ್‌ಬುಕ್ಕಿನಲ್ಲಿ ಇದರ ಹೆಸರು ಎಸ್‌ಇಐ ಪದರ. ಈ ಪೊರೆ ಬೇಕೇ ಬೇಕು, ಯಾಕಂದ್ರೆ ಮುಂದಿನ ಕ್ರಿಯೆಯನ್ನು ತಡೆಯೋದು ಅದೇ. ಆದರೆ ಅದು ಪೂರ್ತಿ ನಿಲ್ಲೋದಿಲ್ಲ, ವರ್ಷಗಟ್ಟಲೆ ನಿಧಾನವಾಗಿ ದಪ್ಪ ಆಗ್ತಾ ಹೋಗ್ತದೆ. ದಪ್ಪ ಆಗೋದಕ್ಕೆ ಬೇಕಾದ ಲಿಥಿಯಂ ಬರೋದು ನಮ್ಮ ಖಾತೆಯಿಂದಲೇ. ಪೊರೆಗೆ ಸೇರಿದ ಲಿಥಿಯಂ ಮತ್ತೆ ವಾಪಸ್ ಇಲ್ಲ.

ಬ್ಯಾಟರಿ ಫುಲ್ ಇದ್ದಾಗ ಗ್ರಾಫೈಟಿನ ತುಂಬಾ ಲಿಥಿಯಂ ಇರ್ತದೆ, ಅದರ ರಿಯಾಕ್ಟಿವಿಟಿ ಅತಿ ಹೆಚ್ಚು ಇರೋದು ಆಗಲೇ. ಇನ್ನೊಂದು ಬದಿಯಲ್ಲಿ ವೋಲ್ಟೇಜ್ ಏರಿ ಎಲೆಕ್ಟ್ರೊಲೈಟ್ ಕೆಡ್ಲಿಕ್ಕೆ ಶುರು. ಇದು ಕಾರು ಓಡಿದ್ರೂ ಆಗ್ತದೆ, ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ರೂ ಆಗ್ತದೆ. ಸುಮ್ಮನೆ ನಿಂತಿದ್ದಾಗ ಆಗುವ ಈ ಸವಕಳಿಗೆ ಕ್ಯಾಲೆಂಡರ್ ಏಜಿಂಗ್ ಅಂತ ಹೆಸರು. ಪೆಟ್ರೋಲ್ ಟ್ಯಾಂಕ್ ಫುಲ್ ಇದ್ರೆ ಟ್ಯಾಂಕಿಗೆ ಏನೂ ಆಗೋದಿಲ್ಲ. ನಮ್ಮ ತಲೆಯಲ್ಲಿ ಆ ಲೆಕ್ಕವೇ ಕೂತಿರೋದರಿಂದ ಇದು ಹೊಳೆಯೋದಿಲ್ಲ.

ಬಿಸಿಯದ್ದು ಇನ್ನೊಂದು ಕಥೆ. ಪ್ರತಿ 10 ಡಿಗ್ರಿ ಏರಿದಾಗ ಕ್ರಿಯೆಯ ವೇಗ ಸುಮಾರು ದುಪ್ಪಟ್ಟಾಗ್ತದೆ ಅಂತ ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ್ದು ನೆನಪಿರಬಹುದು. ಅದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರ್ತದೆ. ಅಮೆರಿಕದ ಅರಿಜೋನಾ ರಾಜ್ಯ ಬಿಸಿಲಿನ ಮರುಭೂಮಿ. ನಿಸ್ಸಾನ್ ಲೀಫ್ ಕಾರಿನ ಮೊದಲ ಮಾಡೆಲಿಗೆ ಬ್ಯಾಟರಿ ತಂಪು ಮಾಡುವ ದ್ರವದ ವ್ಯವಸ್ಥೆ ಇರಲಿಲ್ಲ. ಕಾರು ಬಂದು ಎರಡು ವರ್ಷ ಆಗುವುದರೊಳಗೆ, 2012ರಲ್ಲಿ, ಅರಿಜೋನಾದ ಮಾಲೀಕರು ಕೆಪ್ಯಾಸಿಟಿ ಇಳಿದಿದೆ ಅಂತ ದೂರು ಕೊಡ್ಲಿಕ್ಕೆ ಶುರು ಮಾಡಿದ್ರು. ಕಡೆಗೆ ಕಂಪನಿ ಕೆಪ್ಯಾಸಿಟಿಗೂ ವಾರಂಟಿ ಕೊಡಬೇಕಾಯ್ತು. ನಮ್ಮ ಕರಾವಳಿ ಅರಿಜೋನಾದಷ್ಟು ಸುಡೋದಿಲ್ಲ ಸರಿ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ರಾತ್ರಿಯೂ ತಂಪಾಗೋದಿಲ್ಲ. ತಗಡಿನ ಶೀಟ್ ಹಾಕಿದ ಶೆಡ್ಡಿನ ಒಳಗೆ ಮಧ್ಯಾಹ್ನ ನಿಂತು ನೋಡಿ, ಕಾರಿನ ಕಷ್ಟ ಗೊತ್ತಾಗ್ತದೆ.

ಗಂಟೆ ಲೆಕ್ಕ

ಈಗ ಒಂದು ಲೆಕ್ಕ ಮಾಡುವ. ಬ್ರಹ್ಮಾವರದಿಂದ ಕುಂದಾಪುರಕ್ಕೆ ದಿನಾ ಕೆಲಸಕ್ಕೆ ಹೋಗಿಬರುವ ಒಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳಿ. ಹೋಗಿ ಬಂದು ಸುಮಾರು 50 ಕಿಲೋಮೀಟರ್. ಕಾರಿನದ್ದು 30 ಯುನಿಟ್, ಅಂದ್ರೆ 30 ಕಿಲೋವ್ಯಾಟ್-ಅವರ್ ಪ್ಯಾಕ್. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯದ್ದು 30.2 ಇತ್ತು. ಯುನಿಟ್ಟಿಗೆ 7 ಕಿಲೋಮೀಟರ್ ಅಂತ ಹಿಡಿದ್ರೆ ದಿನಕ್ಕೆ 7 ಯುನಿಟ್, ಪ್ಯಾಕಿನ 23% ಖರ್ಚು.

ದಿನಾ 100% ಮಾಡುವ ಅಭ್ಯಾಸದಲ್ಲಿ ಹೀಗಾಗ್ತದೆ. ಬೆಳಿಗ್ಗೆ 8:30ಕ್ಕೆ 100% ಇಟ್ಟುಕೊಂಡು ಹೊರಟು ಕುಂದಾಪುರ ತಲುಪುವಾಗ 88%. ಸಂಜೆ ತನಕ ಬಿಸಿಲಲ್ಲಿ 88%ನಲ್ಲೇ ನಿಂತಿರ್ತದೆ. ಮನೆಗೆ ಬರುವಾಗ 77%. ರಾತ್ರಿ 8ಕ್ಕೆ ಪ್ಲಗ್ ಹಾಕಿದ್ರೆ 10:30ರ ಒಳಗೆ ಮತ್ತೆ 100%. ಅಲ್ಲಿಂದ ಬೆಳಿಗ್ಗೆ ತನಕ ಹತ್ತು ಗಂಟೆ ಫುಲ್ ಆಗಿಯೇ ಕೂತಿರ್ತದೆ. ದಿನದ 24 ಗಂಟೆಯಲ್ಲಿ ಸುಮಾರು 21 ಗಂಟೆ ಬ್ಯಾಟರಿ 80%ಗಿಂತ ಮೇಲೇ ಇದ್ದ ಹಾಗಾಯ್ತು.

ಅದೇ ಮನುಷ್ಯ 80%ಗೆ ನಿಲ್ಲಿಸಿದ್ರೆ? 80ರಿಂದ 57ಕ್ಕೆ ಇಳಿದು ಮತ್ತೆ 80. ಓಡಿದ ದೂರ ಅಷ್ಟೇ, ಖರ್ಚಾದ ಯುನಿಟ್ ಅಷ್ಟೇ. 80%ಗಿಂತ ಮೇಲೆ ಕಳೆದ ಹೊತ್ತು ಸೊನ್ನೆ. ಅವರು ಕಳಕೊಂಡದ್ದು ಏನೂ ಇಲ್ಲ, ಯಾಕಂದ್ರೆ ಮೇಲಿನ 20% ಅವರಿಗೆ ದಿನನಿತ್ಯಕ್ಕೆ ಬೇಕಾಗೇ ಇರಲಿಲ್ಲ. ಬೈಂದೂರಿಂದ ಕುಂದಾಪುರಕ್ಕೆ ಹೋಗಿಬರುವವರಿಗೆ 65-70 ಕಿಲೋಮೀಟರ್ ಆಗಬಹುದು, ಅವರಿಗೂ ಇದೇ ಲೆಕ್ಕ ನಡೀತದೆ.

ಮೂರನೇ ಉಪದೇಶಕ್ಕೆ, ಅಂದ್ರೆ "ದಿನಾ ಚಾರ್ಜಿಗೆ ಹಾಕ್ಬೇಡಿ" ಅನ್ನೋದಕ್ಕೆ, ಉತ್ತರವೂ ಇಲ್ಲೇ ಉಂಟು. ಸೈಕಲ್ ಅಂದ್ರೆ ಪ್ಲಗ್ ಹಾಕಿದ ಲೆಕ್ಕ ಅಲ್ಲ. ಐದು ದಿನ 20% ಹಾಗೆ ತುಂಬಿಸಿದ್ರೆ ಒಟ್ಟು 100%, ಅದು ಒಂದು ಸೈಕಲ್. ಐದು ದಿನ ಕಾದು 100ರಿಂದ ಸೊನ್ನೆಗೆ ಇಳಿಸಿ ಒಮ್ಮೆಲೇ ತುಂಬಿಸಿದ್ರೂ ಒಂದೇ ಸೈಕಲ್, ಆದರೆ ಎರಡನೆಯದರಲ್ಲಿ ಎಲೆಕ್ಟ್ರೋಡುಗಳು ಪೂರ್ತಿ ಹಿಗ್ಗಿ ಕುಗ್ಗಬೇಕು, ಸವೆತ ಜಾಸ್ತಿ. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ತುಂಬಿಸೋದೇ ಒಳ್ಳೇದು.

ಮನೆ ಸಾಕೆಟ್ಟಿನ ನಿಧಾನ ಚಾರ್ಜಿಂಗ್ ಬ್ಯಾಟರಿಗೆ ವರದಾನ. 3.3 ಕಿಲೋವ್ಯಾಟ್ ಅಂದ್ರೆ 30 ಯುನಿಟ್ ಪ್ಯಾಕಿಗೆ ಹತ್ತನೇ ಒಂದು ಭಾಗದ ವೇಗ. ಹೆದ್ದಾರಿ ಬದಿಯ ಡಿಸಿ ಫಾಸ್ಟ್ ಚಾರ್ಜರ್ ಇದರ ಎಷ್ಟೋ ಪಟ್ಟು ಜೋರು, ಬಿಸಿಯೂ ಜಾಸ್ತಿ. ದೂರ ಪ್ರಯಾಣಕ್ಕೆ ಅದು ಬೇಕೇ ಬೇಕು, ಮನೆಯಲ್ಲಿ ಸಾಕೆಟ್ ಇರುವಾಗ ದಿನನಿತ್ಯಕ್ಕೆ ಬೇಡ.

ನಿಮ್ಮ ಕಾರಿನಲ್ಲಿ ಚಾರ್ಜ್ ಲಿಮಿಟ್ ಸೆಟ್ಟಿಂಗ್ ಇದ್ರೆ ಕೆಲಸ ಸುಲಭ. ಇಲ್ಲದಿದ್ದರೆ ಒಂದು ಅಂದಾಜು ಇಟ್ಟುಕೊಳ್ಳಿ: 30 ಯುನಿಟ್ ಪ್ಯಾಕ್, 16 ಆಂಪ್ ಸಾಕೆಟ್ ಆದ್ರೆ ಗಂಟೆಗೆ ಸುಮಾರು 10% ಏರ್ತದೆ. 55ರಿಂದ 80ಕ್ಕೆ ಎರಡೂವರೆ ಗಂಟೆ. ಪ್ಯಾಕ್ ಸಣ್ಣದಿದ್ರೆ ಬೇಗ, ದೊಡ್ಡದಿದ್ರೆ ನಿಧಾನ.

ಎಲ್‌ಎಫ್‌ಪಿ ಆದ್ರೆ ಸ್ವಲ್ಪ ಬೇರೆ

ಇಷ್ಟು ಕೇಳಿ "ನಮ್ಮ ಕಾರಿನ ಮ್ಯಾನುವಲ್ಲಿನಲ್ಲಿ ಆಗಾಗ 100% ಮಾಡಿ ಅಂತ ಬರೆದಿದೆಯಲ್ಲ" ಅಂತ ಕೆಲವರು ಕೇಳಬಹುದು. ಅದೂ ಸರಿ. ಕಾರಣ, ಲಿಥಿಯಂ ಬ್ಯಾಟರಿಯಲ್ಲೇ ಎರಡು ಮುಖ್ಯ ಜಾತಿ ಉಂಟು.

ಒಂದು ಎನ್‌ಎಂಸಿ, ಅಂದ್ರೆ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್. ಹ್ಯುಂಡೈ ಕೋನಾದಂಥ ಕಾರುಗಳಲ್ಲಿ ಇರೋದು ಇದು. ಫುಲ್ ಆದಾಗ ಸೆಲ್ ವೋಲ್ಟೇಜ್ 4.2ರ ತನಕ ಹೋಗ್ತದೆ. 80%ಗೆ ನಿಲ್ಲಿಸುವ ನಿಯಮ ಇದಕ್ಕೆ ಗಟ್ಟಿಯಾಗಿ ಅನ್ವಯ ಆಗ್ತದೆ.

ಇನ್ನೊಂದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಈ ಮೂವರ ಹೆಸರಲ್ಲಿ ಬಂದ ಸಂಶೋಧನಾ ಲೇಖನದಿಂದ ಇದು ಜಗತ್ತಿಗೆ ಗೊತ್ತಾಯ್ತು. ಇವರಲ್ಲಿ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ನೆಕ್ಸಾನ್, ಟಿಯಾಗೊ ಇವಿಗಳಲ್ಲಿ ಇರೋದು ಈ ಎಲ್‌ಎಫ್‌ಪಿ. ಇದು ಬಿಸಿಯನ್ನೂ ಸೈಕಲ್‌ಗಳನ್ನೂ ಚೆನ್ನಾಗಿ ತಡ್ಕೊಳ್ತದೆ. ಫುಲ್ ಇದ್ದಾಗಲೂ ಎನ್‌ಎಂಸಿಯಷ್ಟು ಒತ್ತಡ ಇಲ್ಲ.

ಆದರೆ ಇದಕ್ಕೆ ಒಂದು ಸಣ್ಣ ತೊಂದರೆ. ಇದರ ವೋಲ್ಟೇಜ್ 20%ನಿಂದ 80% ತನಕ ಹೆಚ್ಚುಕಡಿಮೆ ಚಪ್ಪಟೆ, 3.3ರ ಆಸುಪಾಸಲ್ಲೇ ಇರ್ತದೆ. ಹಾಗಾಗಿ ವೋಲ್ಟೇಜ್ ನೋಡಿ ಎಷ್ಟು ಪರ್ಸೆಂಟ್ ಉಂಟು ಅಂತ ಹೇಳ್ಲಿಕ್ಕೆ ಕಾರಿನ ಕಂಪ್ಯೂಟರಿಗೆ ಕಷ್ಟ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಕೂಡಿಸಿ ಕಳೆದು ಅಂದಾಜು ಮಾಡ್ತಾ ಇರ್ತದೆ, ದಿನ ಕಳೆದ ಹಾಗೆ ಆ ಅಂದಾಜು ತಪ್ಪುತ್ತದೆ. 100% ಮುಟ್ಟಿದಾಗ ವೋಲ್ಟೇಜ್ ತಟ್ಟನೆ ಏರುವುದರಿಂದ ಲೆಕ್ಕ ಸರಿಯಾಗ್ತದೆ, ಜೊತೆಗೆ ಸೆಲ್ಲುಗಳನ್ನು ಒಂದೇ ಮಟ್ಟಕ್ಕೆ ತರುವ ಕೆಲಸವೂ ಆಗ್ತದೆ. ಟೆಸ್ಲಾ ತನ್ನ ಎಲ್‌ಎಫ್‌ಪಿ ಕಾರುಗಳನ್ನು ವಾರಕ್ಕೊಮ್ಮೆಯಾದ್ರೂ 100% ಮಾಡಿ ಅಂತ ಹೇಳೋದು ಇದಕ್ಕೇ.

ಹಾಗಂತ ಎಲ್‌ಎಫ್‌ಪಿಗೂ ತಿಂಗಳುಗಟ್ಟಲೆ ಫುಲ್ ಆಗಿ ಬಿಸಿಯಲ್ಲಿ ಕೂರೋದು ಇಷ್ಟ ಇಲ್ಲ. ಮ್ಯಾನುವಲ್ ಹೇಳಿದಷ್ಟು ಸಲ 100% ಮಾಡಿ, ಅದನ್ನೂ ಹೊರಡುವ ದಿನದ ಬೆಳಿಗ್ಗೆಗೆ ಮುಗಿಯುವ ಹಾಗೆ ಮಾಡಿ. ಉಳಿದ ದಿನ 80-90 ಸಾಕು. ನಿಮ್ಮ ಮನೆ ಕಾರಿನದ್ದು ಯಾವ ಜಾತಿ ಅಂತ ಮೊದಲು ತಿಳ್ಕೊಳ್ಳಿ.

ನಮ್ಮೂರಿನ ಪ್ರಶ್ನೆಗಳು

ಕರೆಂಟ್ ಹೋದ್ರೆ? ಜೂನ್-ಜುಲೈನಲ್ಲಿ ಈ ಹೆದರಿಕೆ ಸಹಜ. ಆದರೆ ಮೇಲಿನ ಲೆಕ್ಕದ ಪ್ರಕಾರ 80% ಅಂದ್ರೆ 160 ಕಿಲೋಮೀಟರಿಗೂ ಮೇಲೆ, ಬ್ರಹ್ಮಾವರ-ಕುಂದಾಪುರ ಮೂರು ದಿನ ಓಡಾಡಬಹುದು. ಜೋರು ಮಳೆಯ ಮುನ್ಸೂಚನೆ ಇದ್ದ ವಾರ 90-100 ಮಾಡಿಕೊಳ್ಳಿ, ತೊಂದರೆ ಇಲ್ಲ. ವರ್ಷದಲ್ಲಿ ಹತ್ತು ದಿನ ಫುಲ್ ಇದ್ದದ್ದಕ್ಕೆ ಬ್ಯಾಟರಿ ಹಾಳಾಗೋದಿಲ್ಲ, ಮುನ್ನೂರು ದಿನ ಇದ್ರೆ ಮಾತ್ರ ಲೆಕ್ಕಕ್ಕೆ ಬರ್ತದೆ.

ಘಾಟಿ ಮೇಲಿನವರು? ಹೊಸನಗರ ಕಡೆಯಿಂದ ಹುಲಿಕಲ್ ಘಾಟಿ ಇಳಿದು, ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಇಳಿದು ಬರುವವರು ನಮ್ಮಲ್ಲೇ ಇದ್ದಾರೆ. 1500 ಕಿಲೋ ಕಾರು 600 ಮೀಟರ್ ಇಳಿದ್ರೆ ಎಂಜಿಎಚ್ ಲೆಕ್ಕದಲ್ಲಿ 8.8 ಮೆಗಾಜೂಲ್, ಅಂದ್ರೆ ಸುಮಾರು ಎರಡೂವರೆ ಯುನಿಟ್. ಇದರಲ್ಲಿ ಒಂದು ಪಾಲನ್ನು ರೀಜನರೇಟಿವ್ ಬ್ರೇಕಿಂಗ್ ಬ್ಯಾಟರಿಗೆ ವಾಪಸ್ ತುಂಬಿಸ್ತದೆ. ಬ್ಯಾಟರಿ ಮೊದಲೇ 100% ಇದ್ರೆ ತುಂಬಿಸ್ಲಿಕ್ಕೆ ಜಾಗ ಎಲ್ಲಿ? ಆಗ ರೀಜನ್ ಕೆಲಸ ಮಾಡೋದಿಲ್ಲ, ಹೇರ್‌ಪಿನ್ ತಿರುವುಗಳಲ್ಲಿ ಪೂರ್ತಿ ಭಾರ ಮಾಮೂಲಿ ಬ್ರೇಕಿನ ಮೇಲೆ. ಘಾಟಿ ಮೇಲೆ ಮನೆ ಇದ್ದವರು ಫುಲ್ ಮಾಡದೇ ಹೊರಡಿ.

ಮನೆ ಬೀಗ ಹಾಕಿದ್ರೆ? ಬೆಂಗಳೂರು, ಮುಂಬೈಯಲ್ಲಿ ಹೋಟೆಲು ಇಟ್ಟವರು, ಗಲ್ಫಿನಲ್ಲಿ ಇರುವವರು ನಮ್ಮ ಕಡೆ ಎಷ್ಟೋ ಜನ. ಊರಿನ ಮನೆ ತೆರೆಯೋದು ಹಬ್ಬಕ್ಕೆ, ಮದುವೆಗೆ, ಜಾತ್ರೆಗೆ. ಹೊರಡುವಾಗ "ಬರುವಾಗ ರೆಡಿ ಇರ್ಲಿ" ಅಂತ 100% ಮಾಡಿ ಶೆಡ್ಡಿನಲ್ಲಿ ಬಿಟ್ಟು ಹೋಗೋದು ಈ ಲೇಖನದಲ್ಲಿ ಹೇಳಿದ ಎಲ್ಲ ಅಭ್ಯಾಸಗಳಲ್ಲಿ ಅತಿ ಕೆಟ್ಟದ್ದು. 50%ನ ಆಸುಪಾಸು ಇಟ್ಟು, ಪ್ಲಗ್ ತೆಗೆದು, ನೆರಳಲ್ಲಿ ನಿಲ್ಲಿಸಿ ಹೋಗಿ. ಸೊನ್ನೆಗೆ ಹತ್ತಿರ ಬಿಟ್ಟು ಹೋಗೋದೂ ಅಪಾಯ, ನಿಧಾನಕ್ಕೆ ಇಳಿದು ಸೆಲ್ಲುಗಳಿಗೆ ಏಟು ಬೀಳಬಹುದು. ಇಲ್ಲೊಂದು ತಮಾಷೆ: ಹೆಚ್ಚಿನ ಇವಿಗಳಲ್ಲಿ ಲೈಟು, ಲಾಕು, ಕಂಪ್ಯೂಟರಿಗೆ ಅಂತ ಒಂದು 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯೂ ಇರ್ತದೆ. ಅದಕ್ಕೆ ಹಳೇ ಇನ್ವರ್ಟರ್ ನಿಯಮವೇ, ಖಾಲಿ ಬಿಡಬಾರದು. ತಿಂಗಳುಗಟ್ಟಲೆ ಬಿಟ್ಟರೆ ದೊಡ್ಡ ಬ್ಯಾಟರಿ ಸರಿ ಇದ್ದು ಈ ಸಣ್ಣದು ಸತ್ತು ಕಾರು ಏಳದೇ ಇರಬಹುದು. ಊರಲ್ಲಿ ಇರುವ ಅಣ್ಣನಿಗೋ ಭಾವನಿಗೋ ಆಗಾಗ ಒಂದು ಸುತ್ತು ಓಡಿಸ್ಲಿಕ್ಕೆ ಹೇಳಿ.

ಅರ್ಥಿಂಗ್? ಬ್ಯಾಟರಿ ಆರೋಗ್ಯಕ್ಕಿಂತ ಮೊದಲು ಮನೆಯವರ ಆರೋಗ್ಯ. ಕಾರಿನ ಜೊತೆ ಬರುವ ಚಾರ್ಜರ್ ಅರ್ಥ್ ಸರಿ ಇಲ್ಲದಿದ್ರೆ ಕೆಂಪು ಲೈಟ್ ತೋರಿಸಿ ಚಾರ್ಜ್ ಮಾಡೋದಿಲ್ಲ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ ಏರ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಈ ತೊಂದರೆ ಬರೋದು ಅದಕ್ಕೇ. ಗುಂಡಿಗೆ ನೀರು ಹಾಕೋದು, ಇದ್ದಿಲು-ಉಪ್ಪು ತುಂಬಿಸಿ ಸರಿ ಮಾಡಿಸೋದು ಇದಕ್ಕೆ ದಾರಿ. ಕೆಲವರು ಪ್ಲಗ್ಗಿನ ಒಳಗೆ ನ್ಯೂಟ್ರಲನ್ನೇ ಅರ್ಥಿಗೆ ಜೋಡಿಸಿ ಚಾರ್ಜರಿಗೆ ಮೋಸ ಮಾಡ್ತಾರೆ. ಇದನ್ನು ಯಾವತ್ತೂ ಮಾಡಬೇಡಿ, ಮಾಡ್ಲಿಕ್ಕೆ ಬಿಡಲೂ ಬೇಡಿ. ಎಲ್ಲಾದ್ರೂ ನ್ಯೂಟ್ರಲ್ ತುಂಡಾದ್ರೆ ಕಾರಿನ ಇಡೀ ಬಾಡಿಗೆ 230 ವೋಲ್ಟ್ ಬರ್ತದೆ. ಮಳೆಗಾಲದಲ್ಲಿ ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವವರು ಅಮ್ಮನೋ ಮಕ್ಕಳೋ ಆಗಿರಬಹುದು. ಕಾರಿಗೆ ಅಂತಲೇ ಪ್ರತ್ಯೇಕ ದಪ್ಪ ವೈರ್, ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಗುಡುಗು ಶುರುವಾದ ಕೂಡಲೇ ಟಿವಿ ಪ್ಲಗ್ ಎಳೆಯುವ ಅಜ್ಜಿಯ ಅಭ್ಯಾಸ ಉಂಟಲ್ಲ, ಅದನ್ನು ಕಾರಿಗೂ ಮುಂದುವರಿಸಿ.

ಬಿಲ್? ದಿನಕ್ಕೆ 7 ಯುನಿಟ್, ತಿಂಗಳಿಗೆ 25 ದಿನ ಅಂದ್ರೆ 175. ಚಾರ್ಜರಿನಲ್ಲಿ ನಷ್ಟ ಆಗೋದನ್ನು ಸೇರಿಸಿದ್ರೆ ಮೀಟರಿನಲ್ಲಿ ಸುಮಾರು 200. ಗೃಹಜ್ಯೋತಿಯ ಮಿತಿಯೇ 200, ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಇವಿಗೆ ಬೇರೆ ಮೀಟರ್ ತಗೊಂಡ್ರೆ ಲಾಭವೋ ಅಂತ ಮೆಸ್ಕಾಂ ಆಫೀಸಿನಲ್ಲಿ ಕೇಳಿ ಲೆಕ್ಕ ಹಾಕಿ.

ಮನೆಯವರಿಗೆ ಹೇಳುವಷ್ಟು

ಇದೆಲ್ಲ ಅಪ್ಪನಿಗೆ ಫೋನಿನಲ್ಲಿ ವಿವರಿಸ್ಲಿಕ್ಕೆ ಆಗೋದಿಲ್ಲ ಅಂತಾದ್ರೆ ಇಷ್ಟು ಫ್ಯಾಮಿಲಿ ಗ್ರೂಪಿಗೆ ಹಾಕಿ:

1. ದಿನನಿತ್ಯ 80%ಗೆ ನಿಲ್ಲಿಸಿ. ಎಲ್‌ಎಫ್‌ಪಿ ಆದ್ರೆ 90 ತನಕ ಅಡ್ಡಿಲ್ಲ, ಮ್ಯಾನುವಲ್ ಹೇಳಿದ ಹಾಗೆ ಆಗಾಗ 100.
2. 20%ಗಿಂತ ಕೆಳಗೆ ಇಳಿಸಬೇಡಿ. ದಿನಾ ಪ್ಲಗ್ ಹಾಕೋದರಲ್ಲಿ ತಪ್ಪಿಲ್ಲ.
3. ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಬೇಡ, ರಾತ್ರಿ ತಂಪಾದ ಮೇಲೆ ಹಾಕಿ. ಬೆಳಗಿನ ಜಾವಕ್ಕೆ ಮುಗಿಯುವ ಹಾಗೆ ಟೈಮ್ ಇಟ್ಟರೆ ಇನ್ನೂ ಒಳ್ಳೇದು.
4. ವಾರಗಟ್ಟಲೆ ನಿಲ್ಲಿಸಿ ಹೋಗುವಾಗ 50%.
5. ಕೆಂಪು ಲೈಟ್ ಬಂದ್ರೆ ಎಲೆಕ್ಟ್ರಿಷಿಯನ್ ಕರೆಸಿ. ಅಡ್ಡದಾರಿ ಬೇಡ.

2020ರ ನೆಕ್ಸಾನಿಗೆ ಕಂಪನಿ ಕೊಟ್ಟ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ದಿನಾ 50 ಕಿಲೋಮೀಟರ್ ಓಡಿಸುವವರು 8 ವರ್ಷದಲ್ಲಿ ಆ ಮಿತಿ ಮುಟ್ಟೋದೇ ಇಲ್ಲ, ಅವರಿಗೆ ವಾರಂಟಿ ಮುಗಿಯೋದು ಕ್ಯಾಲೆಂಡರಿನಿಂದ. ಒಂಬತ್ತನೇ ವರ್ಷ ಆ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಹೋಗ್ತದೆ, ಮಾರುವಾಗ ಎಷ್ಟು ಬೆಲೆ ಸಿಗ್ತದೆ ಅನ್ನೋದರಲ್ಲಿ ಈಗಿನ ರಾತ್ರಿಗಳ ಅಭ್ಯಾಸಕ್ಕೂ ದೊಡ್ಡ ಪಾಲು ಉಂಟು. ಮುಂದಿನ ರಜೆಗೆ ಮನೆಗೆ ಹೋದಾಗ ಕಾರಿನ ಸೆಟ್ಟಿಂಗ್ಸ್ ತೆಗೆದು ಚಾರ್ಜ್ ಲಿಮಿಟ್ ಎಲ್ಲಿ ಉಂಟು ಅಂತ ಒಮ್ಮೆ ಹುಡುಕಿ.